ಗಡಿಯ ಫೋನಿನಲ್ಲಿ ಒಬ್ಬ ಮನುಷ್ಯನಿಗೆ ಮೂರು ಹೆಸರು

ಯುಗಾದಿ ಹತ್ತಿರ ಬಂತೆಂದರೆ ಮನೆಗೆ ಸುಣ್ಣ ಬಳಿಯುವುದು ನಮ್ಮ ಕಡೆಯ ವಾಡಿಕೆ. ಊರಿಗೆಲ್ಲಾ ಒಂದೇ ಫೋನು, ಅದೂ ಶೆಟ್ಟರ ಅಂಗಡಿಯಲ್ಲಿ ಇದ್ದ ಕಾಲದಲ್ಲಿ ನಾವು ನಂಬರುಗಳನ್ನು ಬರೆದಿಡುತ್ತಿದ್ದುದು ನಡುಮನೆಯ ಗೋಡೆಯ ಮೇಲೆ. ಹಿಂದೂಪುರದ ಹುಣಸೆ ಮಂಡಿ, ಶಿರಾದ ಅಡಿಕೆ ವ್ಯಾಪಾರಿ, ಬೆಂಗಳೂರಿನಲ್ಲಿದ್ದ ಭಾವಮೈದುನನ ಪಕ್ಕದ ಮನೆಯವರು, ಹೀಗೆ ಹತ್ತು ಹದಿನೈದು ನಂಬರು. ಕೈಗೆ ಇದ್ದಿಲು ಸಿಕ್ಕರೆ ಇದ್ದಿಲು, ಪೆನ್ಸಿಲು ಸಿಕ್ಕರೆ ಪೆನ್ಸಿಲು. ಒಂದು ವರ್ಷ ನಾನು ಹೊಲದಿಂದ ಬರುವಷ್ಟರಲ್ಲಿ ಮನೆಯಾಕೆ ಆ ಗೋಡೆಗೂ ಸುಣ್ಣ ಹೊಡೆದಿದ್ದಳು. ನಂಬರುಗಳೆಲ್ಲಾ ಬೆಳ್ಳಗಾಗಿದ್ದವು. ಈಗಿನವರು 'ಡಿಲೀಟ್' ಅನ್ನುವ ಕೆಲಸ ನಮ್ಮ ಮನೆಯಲ್ಲಿ ಮೊದಲ ಸಲ ಆದದ್ದು ಹಾಗೆ.

ಈಗ ಗೋಡೆ ಬಿಟ್ಟು ಎಲ್ಲಾ ಮೊಬೈಲಿಗೆ ಬಂದಿದೆ. ಹೋದ ಯುಗಾದಿಗೆ ಎಣಿಸಿ ನೋಡಿದರೆ ನನ್ನ ಫೋನಿನಲ್ಲಿ 1,143 ಹೆಸರು! ಮಡಕಶಿರಾ ತಾಲ್ಲೂಕಿನ ಮೂಲೆಯ ಊರಿನ ಒಬ್ಬ ರೈತನಿಗೆ ಸಾವಿರದ ಮೇಲೆ ನಂಟರೇ? ಹೋಬಳಿಯ ಅರ್ಧ ಜನ ನನಗೆ ಗೊತ್ತು ಅಂದುಕೊಂಡರೂ ಅಷ್ಟಾಗುವುದಿಲ್ಲ. ಕೂತು ನೋಡಿದಾಗ ತಿಳಿಯಿತು. ಅದರಲ್ಲಿ ಮೂರರಲ್ಲಿ ಒಂದು ಪಾಲು ಸತ್ತ ನಂಬರು, ಇನ್ನೊಂದು ಪಾಲು ಒಬ್ಬರದೇ ಎರಡು ಮೂರು ಸಲ. ನಿಜವಾಗಿ ಬೇಕಾದದ್ದು ಉಳಿದ ಪಾಲು. ಅದನ್ನು ಬೇರ್ಪಡಿಸಲು ಹೋಗಿ ನಾನು ಪಟ್ಟ ಪಾಡು, ಕಲಿತ ಪಾಠ ಎರಡನ್ನೂ ಇಲ್ಲಿ ಬರೆಯುತ್ತಿದ್ದೇನೆ. ಗಡಿಯಲ್ಲಿರುವ ಬಹಳ ಜನರ ಫೋನು ನನ್ನದರ ಹಾಗೇ ಇದ್ದೀತು ಎಂದು ನನ್ನ ಅಂದಾಜು.

ಎರಡು ಟವರಿನ ನಡುವೆ

ನಮ್ಮ ತಾಲ್ಲೂಕಿನ ಭೂಗೋಳ ತಿಳಿಯದವರಿಗೆ ಒಂದು ಮಾತು. ಅಗಳಿ, ರೊಳ್ಳ, ಅಮರಾಪುರ, ಗುಡಿಬಂಡೆ ಕಡೆಯ ಮನೆಮಾತು ಬಹುಪಾಲು ಕನ್ನಡ, ಕಚೇರಿಯ ಮಾತು ತೆಲುಗು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಅನಂತಪುರ ಜಿಲ್ಲೆಯ ಜೊತೆಗೆ ನಾವೂ ಅತ್ತ ಹೋದೆವು. 2022ರ ಏಪ್ರಿಲ್‌ನಿಂದ ನಮ್ಮದು ಶ್ರೀ ಸತ್ಯಸಾಯಿ ಜಿಲ್ಲೆ. ಒಂದು ಕಡೆ ಶಿರಾ, ಇನ್ನೊಂದು ಕಡೆ ಮಧುಗಿರಿ, ಮತ್ತೊಂದು ಕಡೆ ಪಾವಗಡ. ಅಡಿಕೆ ಕಾಯಿ ಕರ್ನಾಟಕಕ್ಕೆ, ಹುಣಸೆಹಣ್ಣು ಹಿಂದೂಪುರಕ್ಕೆ, ಹೆಣ್ಣು ಕೊಟ್ಟು ತರುವುದು ಎರಡೂ ಕಡೆಗೆ.

ಮೊಬೈಲು ಬಂದ ಹೊಸತರಲ್ಲಿ ಈ ಗಡಿ ನಮ್ಮ ಕಿಸೆಗೆ ಭಾರವಾಯಿತು. ಕೆರೆ ಏರಿಯ ಮೇಲೆ ನಿಂತರೆ ಆಂಧ್ರದ ಟವರು, ಏರಿ ಇಳಿದು ತೋಟಕ್ಕೆ ಹೋದರೆ ಕರ್ನಾಟಕದ ಟವರು. ಆಗ ರೋಮಿಂಗ್ ಎಂಬ ತೆರಿಗೆಯಿತ್ತು. ನಮ್ಮ ಹೊಲದಲ್ಲೇ ನಿಂತು ನಮ್ಮೂರಿನವನ ಫೋನು ಎತ್ತಿದರೂ ಬಂದ ಕರೆಗೆ ದುಡ್ಡು ಕಡಿತ. ಅದಕ್ಕೇ ಊರಲ್ಲಿ ಎಲ್ಲರೂ ಎರಡೆರಡು ಸಿಮ್ಮು ಇಟ್ಟುಕೊಂಡರು, ಆಂಧ್ರದ್ದೊಂದು, ಕರ್ನಾಟಕದ್ದೊಂದು. ಫೋನಿನಲ್ಲೂ ಹಾಗೇ ಬರೆದುಕೊಂಡೆವು: 'ಮಾವ ಆಂಧ್ರ', 'ಮಾವ ಕರ್ನಾಟಕ'. ಮಾವ ಒಬ್ಬನೇ. ಆಗ ಒಂದು ರಾಜ್ಯದಿಂದ ಇನ್ನೊಂದಕ್ಕೆ ಫೋನು ಮಾಡಬೇಕಾದರೆ ನಂಬರಿನ ಮುಂದೆ ಸೊನ್ನೆ ಒತ್ತಬೇಕಿತ್ತು, ಇಲ್ಲವೇ ಪ್ಲಸ್ 91. ಆದ್ದರಿಂದ ಸೊನ್ನೆ ಹಾಕಿದ್ದು ಒಂದು, ಹಾಕದ್ದು ಒಂದು. ಹೀಗೆ ಒಬ್ಬ ಮಾವ ನಾಲ್ಕು ಮಾವ ಆದ.

2015ರ ಜೂನ್‌ನಲ್ಲಿ ಬಿಎಸ್‌ಎನ್‌ಎಲ್‌ನವರು ರೋಮಿಂಗ್‌ನಲ್ಲಿ ಬರುವ ಕರೆಗೆ ದುಡ್ಡು ತೆಗೆಯುವುದನ್ನು ನಿಲ್ಲಿಸಿದರು. ಒಂದೆರಡು ವರ್ಷದಲ್ಲಿ ಉಳಿದ ಕಂಪೆನಿಗಳೂ ಬಿಟ್ಟವು. ಎರಡನೇ ಸಿಮ್ಮಿನ ಕೆಲಸ ಮುಗಿಯಿತು. 2018ರ ಕೊನೆಗೆ ತಿಂಗಳು ತಿಂಗಳು ಇಷ್ಟಾದರೂ ರೀಚಾರ್ಜ್ ಮಾಡಿಸಲೇಬೇಕು ಎಂದು ಬಂದಾಗ ಬಹಳ ಜನ ಎರಡನೆಯದನ್ನು ಕಿತ್ತು ತೆಗೆದು ಗೂಡಿನಲ್ಲಿಟ್ಟರು. ಸಿಮ್ಮು ಗೂಡಿಗೆ ಹೋಯಿತು, ನಂಬರು ಮಾತ್ರ ನಂಟರ ಫೋನುಗಳಲ್ಲಿ ಉಳಿಯಿತು. ನನ್ನ ಫೋನಿನಲ್ಲಿ ಮೂರರಲ್ಲಿ ಒಂದು ಪಾಲು ಹೀಗೆ ಗೂಡು ಸೇರಿದವು.

ಕಳೆದ ಹಣ, ರಾಯಚೂರಿನ ಅಕ್ಕ

ಸತ್ತ ನಂಬರು ಇದ್ದರೆ ಇರಲಿ, ಅನ್ನ ಕೇಳುತ್ತದೆಯೇ ಎಂದು ನಾನೂ ಅನ್ನುತ್ತಿದ್ದೆ. 2024ರ ಮುಂಗಾರಿನಲ್ಲಿ ಆ ಮಾತು ತಪ್ಪೆಂದು ಗೊತ್ತಾಯಿತು.

ಕೊಳವೆಬಾವಿಯ ಮೋಟಾರು ಸುಟ್ಟಿತ್ತು. ರಿಪೇರಿ ಮಾಡಿದ ಮೇಸ್ತ್ರಿಗೆ ರೂ. 3,200 ಕೊಡಬೇಕಿತ್ತು. ಅವನು ಹೊರಟುಹೋಗಿದ್ದ. ತೋಟದಲ್ಲಿ ನಿಂತೇ ಫೋನಿನಲ್ಲಿ 'ಮೋಟಾರ್' ಎಂದು ಹುಡುಕಿದೆ, ಮೊದಲು ಬಂದದ್ದನ್ನು ಒತ್ತಿದೆ, ಹಣ ಕಳಿಸಿದೆ. ಸಂಜೆ ಮೇಸ್ತ್ರಿ ಫೋನು ಮಾಡಿ, "ಏನಣ್ಣಾ, ದುಡ್ಡು ಹಾಕ್ತೀನಿ ಅಂದ್ರಲ್ಲ, ಬಂದಿಲ್ಲ" ಅಂದ. ನಾನು ಕಳಿಸಿದ್ದು ಅವನ ಹಳೇ ಕರ್ನಾಟಕ ನಂಬರಿಗೆ. ಅವನು ಅದನ್ನು ಬಿಟ್ಟು ನಾಲ್ಕು ವರ್ಷ ಆಗಿತ್ತಂತೆ. ಕಳಿಸುವ ಮುಂಚೆ ಪರದೆಯ ಮೇಲೆ ಬೇರೊಬ್ಬರ ಹೆಸರು ಬಂದಿತ್ತು. ಬಿಸಿಲಿಗೆ ನಾನದನ್ನು ಓದಲೇ ಇಲ್ಲ. ತಪ್ಪು ನನ್ನದೇ.

ಆ ನಂಬರಿಗೆ ಫೋನು ಮಾಡಿದೆ. ಎತ್ತಿದವರು ರಾಯಚೂರು ಕಡೆಯ ಹೆಣ್ಣುಮಗಳು. ಮೊದಲು ಯಾವನೋ ಮೋಸಗಾರ ಎಂದುಕೊಂಡು ಕಟ್ ಮಾಡಿದರು. ಅವರದೂ ತಪ್ಪಿಲ್ಲ, ಹಾಗೆ ಹೇಳಿಯೇ ಮೋಸ ಮಾಡುವವರು ಇದ್ದಾರೆ. ಮಾರನೆಯ ದಿನ ಬ್ಯಾಂಕಿಗೆ ಹೋದರೆ ಅಲ್ಲಿ, "ನೀವೇ ಒತ್ತಿ ನೀವೇ ಕಳಿಸಿದ್ದೀರಿ, ನಾವೇನು ಮಾಡೋದು" ಎಂದರು. ಮೂರನೆಯ ದಿನ ಆ ಹೆಣ್ಣುಮಗಳೇ ಫೋನು ಮಾಡಿದರು. "ಪಾಸ್‌ಬುಕ್ಕಿನ್ಯಾಗ ನೋಡಿಸೀನ್ರೀ ಅಣ್ಣಾರ, ಖರೇ ಬಂದೈತಿ. ನಿಮ್ಮ ರೊಕ್ಕ ನಮಗ್ಯಾಕ್ರಿ" ಎಂದು ಅಷ್ಟೂ ತಿರುಗಿ ಹಾಕಿದರು. ಅವರ ನಂಬರನ್ನು 'ರಾಯಚೂರು ಅಕ್ಕ' ಎಂದು ಇಟ್ಟುಕೊಂಡಿದ್ದೇನೆ. ಎಲ್ಲರಿಗೂ ಅಂಥ ಅಕ್ಕ ಸಿಗುವುದಿಲ್ಲ.

ಬಿಟ್ಟ ನಂಬರು ಇನ್ನೊಬ್ಬರ ಪಾಲಾಗುವುದು ಕಳ್ಳತನವಲ್ಲ, ಕ್ರಮ. ಕರೆ, ಮೆಸೇಜು ಏನೂ ಇಲ್ಲದೆ 90 ದಿನ ಸುಮ್ಮನಿದ್ದು, ಅದರಲ್ಲಿ ದುಡ್ಡೂ ಇಲ್ಲದಿದ್ದರೆ ಕಂಪೆನಿ ಆ ಸಿಮ್ಮನ್ನು ನಿಲ್ಲಿಸಬಹುದು. ನಿಲ್ಲಿಸಿದ ಮೇಲೆ ಕನಿಷ್ಠ 90 ದಿನ ಅದನ್ನು ಬೇರೆಯವರಿಗೆ ಕೊಡುವಂತಿಲ್ಲ. ಆಮೇಲೆ ಕೊಡಬಹುದು. 2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಮುಂದೆಯೂ ಈ ಮಾತು ಬಂದಿತ್ತು. ಹತ್ತಂಕಿಯ ನಂಬರು ನಮ್ಮ ಜಮೀನಿನ ಸರ್ವೆ ನಂಬರಿನ ಹಾಗೆ ವಂಶಕ್ಕೆ ಬರುವುದಲ್ಲ. ಅದು ಗೇಣಿಗೆ ಹಿಡಿದ ಹೊಲ. ಬಿಟ್ಟರೆ ಬೇರೆಯವನು ಉಳುತ್ತಾನೆ.

ನಂಬರು ಬಿಡುವವನಿಗೂ ಇದರಲ್ಲಿ ಅಪಾಯವಿದೆ. ನಮ್ಮ ಕಡೆ ಬಹಳ ಜನ ಬ್ಯಾಂಕಿಗೆ, ಆಧಾರಿಗೆ ಆಗ ಇದ್ದ ಕರ್ನಾಟಕ ನಂಬರನ್ನೇ ಕೊಟ್ಟಿದ್ದರು. ಸಿಮ್ಮು ಬಿಟ್ಟರು, ಬ್ಯಾಂಕಿನಲ್ಲಿ ಬದಲಾಯಿಸಲಿಲ್ಲ. ಹೀಗಾದಾಗ ನಮ್ಮ ಖಾತೆಯ ಓಟಿಪಿ ಯಾರದೋ ಮನೆಯಲ್ಲಿ ಟಿಂಗ್ ಅನ್ನುತ್ತದೆ. 2025ರ ಮಾರ್ಚ್ 31ರೊಳಗೆ ಬ್ಯಾಂಕುಗಳೂ ಹಣ ಕಳಿಸುವ ಆಪ್‌ಗಳೂ ರದ್ದಾದ ನಂಬರುಗಳ ಪಟ್ಟಿ ನೋಡಿ ವಾರಕ್ಕೊಮ್ಮೆಯಾದರೂ ತಮ್ಮ ಲೆಕ್ಕ ಸರಿಮಾಡಿಕೊಳ್ಳುವ ಏರ್ಪಾಡು ಮಾಡಬೇಕು ಎಂದು ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ ಹೇಳಿತು. ಒಳ್ಳೆಯದೇ. ಆದರೆ ನಮ್ಮ ಮನೆಯ ಬಾಗಿಲಿಗೆ ನಾವೇ ಅಗಳಿ ಹಾಕಿಕೊಳ್ಳುವುದು ಮೇಲು.

ಪಕ್ಕದ ಮನೆಯ ಲಿಪಿ

ಇನ್ನೊಂದು ತೊಡಕು ಗಡಿನಾಡಿನವರದೇ ಸೊತ್ತು. ನಾನು ಎರಡು ಭಾಷೆಯಲ್ಲೂ ಪದ್ಯ ಕಟ್ಟುವವನು. ಫೋನಿನಲ್ಲೂ ಎರಡೂ ಕೀಲಿಮಣೆ ಇವೆ. ಮೇಸ್ತ್ರಿಯನ್ನೇ ನೋಡಿ. ಮಗ ಇಂಗ್ಲಿಷಿನಲ್ಲಿ ಬರೆದುಕೊಟ್ಟದ್ದು ಒಂದು, ನಾನು ಕನ್ನಡದಲ್ಲಿ ಬರೆದದ್ದು ಒಂದು, ಹಿಂದೂಪುರದ ಅಂಗಡಿಯವನು ಕಳಿಸಿದ್ದನ್ನು ಹಾಗೇ ಉಳಿಸಿದ್ದು ತೆಲುಗಿನಲ್ಲಿ ಒಂದು. ಒಬ್ಬನಿಗೆ ಮೂರು ಹೆಸರು. ಅವತ್ತು ನಾನು ಹುಡುಕಿದ್ದು ಕನ್ನಡದಲ್ಲಿ, ಹಳೇ ನಂಬರು ಇದ್ದದ್ದೂ ಕನ್ನಡದಲ್ಲಿ. ಸರಿಯಾದ ನಂಬರು ತೆಲುಗಿನಲ್ಲಿತ್ತು. ಫೋನು ಅದನ್ನು ತೋರಿಸಲೇ ಇಲ್ಲ.

ನನ್ನ ತಮ್ಮನ ಮಗಳು ಡಿಗ್ರಿ ಓದುತ್ತಾಳೆ, ಫೋನಿನ ವಿಚಾರದಲ್ಲಿ ನನಗೆ ಅವಳೇ ಗುರು. "ದೊಡ್ಡಪ್ಪಾ, ನಿನ್ನ ಕಣ್ಣಿಗೆ ಗ, ನ, ರ, ಲ ಎರಡರಲ್ಲೂ ಒಂದೇ ಥರ ಕಾಣ್ತಾವೆ. ಫೋನು ಅಕ್ಷರ ನೋಡಲ್ಲ, ನಂಬರು ನೋಡುತ್ತೆ" ಎಂದಳು. ಲೋಕದ ಎಲ್ಲ ಲಿಪಿಗಳಿಗೂ ಒಂದೊಂದು ಅಕ್ಷರಕ್ಕೆ ಒಂದೊಂದು ಸಂಖ್ಯೆ ಕೊಟ್ಟಿರುವ ಯೂನಿಕೋಡ್ ಎಂಬ ಏರ್ಪಾಡಿದೆಯಂತೆ. ಅದರಲ್ಲಿ ತೆಲುಗಿಗೆ 128 ಮನೆ. ಅದು ಮುಗಿದ ಕೂಡಲೇ ಕನ್ನಡಕ್ಕೆ 128 ಮನೆ. ನಡುವೆ ಒಂದು ಗೇಣು ಜಾಗವಿಲ್ಲ, ಗೋಡೆಗೆ ಗೋಡೆ ಅಂಟಿದೆ. ಅಮರಾಪುರದ ಹತ್ತಿರ ಹೇಮಾವತಿ ಇದೆ. ಅದು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ಅಲ್ಲಿನ ಶಾಸನಗಳ ಕಾಲಕ್ಕೆ ಕನ್ನಡಕ್ಕೂ ತೆಲುಗಿಗೂ ಲಿಪಿ ಹೆಚ್ಚುಕಡಿಮೆ ಒಂದೇ. ಕಲ್ಲಿನಲ್ಲಿ ಒಂದಾಗಿದ್ದದ್ದು ಫೋನಿನಲ್ಲಿ ಪಕ್ಕದ ಮನೆಯಾಗಿದೆ, ಆದರೆ ಈ ಮನೆಯಲ್ಲಿ ಕೂಗಿದರೆ ಆ ಮನೆಯವರು ಓಗೊಡುವುದಿಲ್ಲ.

ಅದಕ್ಕೆ ನಾನು ಕಂಡುಕೊಂಡ ಉಪಾಯ ಸರಳ. ಹೆಸರು ಒಂದೇ ಲಿಪಿಯಲ್ಲಿ. ನಾನು ಕನ್ನಡ ಆರಿಸಿಕೊಂಡೆ. ಪಕ್ಕದ ಊರಿನ ನನ್ನ ಷಡ್ಡಕ ತೆಲುಗಿನಲ್ಲೇ ಎಲ್ಲಾ ಇಟ್ಟುಕೊಂಡಿದ್ದಾನೆ. ಯಾವುದಾದರೇನು, ಒಂದೇ ಇರಬೇಕು. ಎರಡನೆಯದಾಗಿ ಹೆಸರಿಗಿಂತ ಕಸುಬು, ಊರು ಮುಂದೆ. 'ಮೋಟಾರ್ ಮೇಸ್ತ್ರಿ ರೊಳ್ಳ', 'ಕಾಯಿ ವ್ಯಾಪಾರಿ ಶಿರಾ', 'ಜೆಸಿಬಿ ಅಗಳಿ'. ಹೆಸರು ಮರೆಯುತ್ತದೆ, ಮೋಟಾರು ಸುಟ್ಟದ್ದು ಮರೆಯುವುದಿಲ್ಲ. ಅಧಿಕಾರಿಗಳದಾದರೆ ಹುದ್ದೆಯ ಹೆಸರಷ್ಟೇ ಸಾಕು. ಕಚೇರಿಯ ಸಿಮ್ಮು ಕುರ್ಚಿಯದು, ವರ್ಗವಾದವರು ಅದನ್ನು ಅಲ್ಲೇ ಬಿಟ್ಟು ಹೋಗುತ್ತಾರೆ. ನನ್ನ ಫೋನಿನಲ್ಲಿ ಐದು ಜನ ತಹಸೀಲ್ದಾರರಿದ್ದರು, ಐದಕ್ಕೂ ಒಂದೇ ನಂಬರು! ನಮ್ಮ ರಾಜ್ಯದಲ್ಲಿ 2019ರ ಆಗಸ್ಟ್‌ನಿಂದ ಮನೆಮನೆಗೆ ಬರುತ್ತಿದ್ದ ವಾಲಂಟಿಯರುಗಳ ಕೆಲಸ 2024ರ ಚುನಾವಣೆಯ ನಂತರ ನಿಂತಿತು. ಆ ಹುಡುಗರ ನಂಬರೂ 'ವಾಲಂಟಿಯರ್ 1', 'ವಾಲಂಟಿಯರ್ 2' ಎಂದು ಹಾಗೇ ಇದ್ದವು. ಒಬ್ಬ ಈಗ ಅಂಗಡಿ ಇಟ್ಟಿದ್ದಾನೆ. ಅವನನ್ನು ಅಂಗಡಿಯ ಹೆಸರಿಗೆ ವರ್ಗ ಮಾಡಿದೆ.

ಮನೆಯಾಕೆಗೆ ಓದು ಅಷ್ಟಕ್ಕಷ್ಟೇ. ಅವಳ ಫೋನಿನಲ್ಲಿ ಹೆಸರಿನ ಜಾಗದಲ್ಲಿ ಚಿತ್ರ ಹಾಕಿಕೊಟ್ಟಿದ್ದಾಳೆ ನಮ್ಮ ಹುಡುಗಿ. ಹಸುವಿನ ಚಿತ್ರ ಇದ್ದರೆ ಪಶುವೈದ್ಯರು, ಬಸ್ಸಿನ ಚಿತ್ರ ಇದ್ದರೆ ಬೆಂಗಳೂರಿನ ಮಗ, ತೆಂಗಿನಮರ ಇದ್ದರೆ ತವರುಮನೆ. ಒಟ್ಟು ಹದಿನೆಂಟು ಚಿತ್ರ. ಅವಳಿಗೆ ಎಂದೂ ತಪ್ಪು ನಂಬರು ಹೋಗಿಲ್ಲ.

ಇಲ್ಲಿ ಅಳಿಸಿದರೆ ಅಲ್ಲಿ ಮಾಯ

ಹಣದ ಪ್ರಸಂಗ ಆದ ಮೇಲೆ ಹುಣಸೆಮರದ ಕೆಳಗೆ ಮಂಚ ಹಾಕಿಕೊಂಡು ಅಳಿಸಲು ಕೂತೆ. ಫೋನು ಮಗ ಬಳಸಿ ಕೊಟ್ಟದ್ದು. ಗೊತ್ತಿಲ್ಲದ ಹೆಸರುಗಳು ಬಹಳ ಇದ್ದವು, ಹೆಚ್ಚಿನವು ಇಂಗ್ಲಿಷಿನಲ್ಲಿ. ಯಾರೋ ಸೂಪರ್‌ವೈಸರು, ಯಾವುದೋ ಪಿ.ಜಿ., ಕ್ಯಾಂಟೀನು. ಇವೆಲ್ಲಾ ನನಗ್ಯಾಕೆ ಎಂದು ಒಂದರ ಮೇಲೊಂದು ಒತ್ತಿ ಹಿಡಿದು ಗುರುತು ಮಾಡಿ 212 ಹೆಸರು ಒಟ್ಟಿಗೆ ತೆಗೆದೆ. ಕಳೆ ಕಿತ್ತ ಹೊಲದ ಹಾಗೆ ಕಂಡಿತು, ಖುಷಿಯಾಯಿತು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗನ ಫೋನು, ಪೀಣ್ಯದ ಕಾರ್ಖಾನೆಯಿಂದ. "ಅಪ್ಪಾ, ನನ್ನ ಫೋನಿಗೆ ಏನೋ ಆಗೈತೆ. ಯಾರು ಮಾಡಿದ್ರೂ ಹೆಸರೇ ಬರ್ತಿಲ್ಲ, ಬರೀ ನಂಬರು ಬರ್ತಾವೆ. ಸೂಪರ್‌ವೈಸರ್ ಮಾಡಿದ್ದಕ್ಕೆ ಯಾರಪ್ಪಾ ನೀನು ಅಂದ್ಬಿಟ್ಟೆ!" ಎಂದ. ನನಗೆ ತುತ್ತು ಗಂಟಲಲ್ಲಿ ನಿಂತಿತು.

ಆಗಿದ್ದು ಇಷ್ಟೆ. ಫೋನು ನನಗೆ ಕೊಟ್ಟಾಗ ಮಗ ತನ್ನ ಜಿಮೇಲ್ ಖಾತೆಯನ್ನು ಅದರಲ್ಲೇ ಬಿಟ್ಟಿದ್ದ. ಹೆಸರುಗಳು ಇರುವುದು ಫೋನಿನಲ್ಲಲ್ಲ, ಆ ಖಾತೆಯಲ್ಲಿ. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ ಅದು ಒಂದೇ ಬಾವಿಗೆ ಎರಡು ಹಗ್ಗ ಬಿಟ್ಟ ಹಾಗೆ. ಇಲ್ಲಿ ಬರಿದಾದರೆ ಅಲ್ಲೂ ಬರಿದು. ಕೆಲವು ಕಡೆ ಮೊಬೈಲು ಅಂಗಡಿಯಲ್ಲಿ ಹೊಸ ಫೋನು ಕೊಂಡವರಿಗೆಲ್ಲಾ ಅಂಗಡಿಯದೇ ಒಂದು ಖಾತೆ ಹಾಕಿ ಕೊಡುವುದುಂಟು. ಅಂಥ ಫೋನಿನಲ್ಲಿ ಗುರುತಿಲ್ಲದವರ ಹೆಸರೆಲ್ಲಾ ಬಂದು ಕೂರುತ್ತವೆ, ನಮ್ಮವು ಅವರ ಫೋನಿಗೆ ಹೋಗುತ್ತವೆ. ಗುರುತಿಲ್ಲದ ಹೆಸರು ರಾಶಿ ಬಿದ್ದಿದ್ದರೆ ಅಳಿಸುವ ಮುಂಚೆ ಖಾತೆ ಯಾರದೆಂದು ನೋಡಬೇಕು.

ಹುಡುಗಿ ಕಾಲೇಜಿನಿಂದ ಬಂದು ನಗುತ್ತಾ ಸರಿಮಾಡಿದಳು. ಗೂಗಲ್ ಖಾತೆಯಲ್ಲಿ ಅಳಿಸಿದ ಹೆಸರು 30 ದಿನ ಕಸದ ಬುಟ್ಟಿಯಲ್ಲಿ ಇರುತ್ತದೆ. ಅಷ್ಟರೊಳಗೆ ಕಂಡುಕೊಂಡರೆ ಎತ್ತಿ ಮತ್ತೆ ಒಳಗಿಡಬಹುದು. 212 ಹೆಸರೂ ಅರ್ಧ ಗಂಟೆಯಲ್ಲಿ ವಾಪಸ್ಸು ಬಂದವು. ಆಮೇಲೆ ನನಗೆ ನನ್ನದೇ ಖಾತೆ ಮಾಡಿ, ನನ್ನ ಹೆಸರುಗಳನ್ನು ಅಲ್ಲಿಗೆ ಸಾಗಿಸಿ, ಮಗನ ಖಾತೆಯನ್ನು ಫೋನಿನಿಂದ ತೆಗೆದಳು. ತಂದೆ ಮಕ್ಕಳ ಪಾಲು ಪಾರೀಕತ್ತು ಫೋನಿನಲ್ಲೂ ಆಗಬೇಕಾಗುತ್ತದೆ ಎಂದು ನಾನು ಎಣಿಸಿರಲಿಲ್ಲ. ಸಿಮ್ಮಿನಲ್ಲೋ ಫೋನಿನ ಹೊಟ್ಟೆಯಲ್ಲೋ ಇಟ್ಟ ಹೆಸರಿಗೆ ಖಾತೆಯ ಈ ಬುಟ್ಟಿಯ ಆಸರೆ ಇಲ್ಲ ಎಂಬುದನ್ನೂ ಅವಳೇ ಹೇಳಿದಳು.

'ಮೇಷ್ಟ್ರು' ಫೋನು ಮಾಡಿದಾಗ

ಇಷ್ಟೆಲ್ಲಾ ಲೆಕ್ಕದ ಮಾತು. ಲೆಕ್ಕಕ್ಕೆ ಸಿಗದ್ದು ಒಂದಿದೆ.

ನಮ್ಮ ಕಡೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ನನ್ನ ಗೆಳೆಯರು. ನಾನು ಬರೆದ ಪದ್ಯ, ಕನ್ನಡವಾಗಲಿ ತೆಲುಗಾಗಲಿ, ಮೊದಲು ಕೇಳುತ್ತಿದ್ದವರು ಅವರೇ. ಬೆಳಗ್ಗೆ ಐದೂವರೆಗೆ ಹಾಲು ಕರೆದು ಫೋನು ಮಾಡುವುದು, ಓದುವುದು, ಅವರು "ಎರಡನೇ ಸಾಲು ಎಳೆದ್ಯಲ್ಲಯ್ಯಾ" ಅನ್ನುವುದು. 2021ರ ಮೇ ತಿಂಗಳಲ್ಲಿ ಕೊರೊನಾ ಅವರನ್ನು ಕೊಂಡೊಯ್ಯಿತು. ಮಣ್ಣಿಗೆ ಹೋಗಲೂ ಆಗಲಿಲ್ಲ. ನಂಬರು 'ಮೇಷ್ಟ್ರು' ಎಂದು ಫೋನಿನಲ್ಲಿ ಹಾಗೇ ಇತ್ತು. ಅಳಿಸಲು ಕೈ ಬರಲಿಲ್ಲ. ಒಮ್ಮೊಮ್ಮೆ ಹಳೇ ಅಭ್ಯಾಸಕ್ಕೆ ಆ ನಂಬರಿಗೆ ವಾಟ್ಸಾಪಿನಲ್ಲಿ ಪದ್ಯ ಕಳಿಸುತ್ತಿದ್ದೆ. ಒಂದು ಗೀಟು ಬೀಳುತ್ತಿತ್ತು, ಅಷ್ಟೆ. ಆಮೇಲೆ ಅದನ್ನೂ ಬಿಟ್ಟೆ.

2022ರ ದೀಪಾವಳಿಗೆ ಎಲ್ಲರಿಗೂ ಕಳಿಸುವಾಗ ಪಟ್ಟಿಯಲ್ಲಿ ಮೇಷ್ಟ್ರ ಹೆಸರೂ ಸೇರಿತ್ತು. ಎರಡು ಗೀಟು ಬಿತ್ತು. ನಾನು ನೋಡಿರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಫೋನು ಬಡಿದುಕೊಂಡಿತು. ನಮ್ಮ ಹುಡುಗಿ ಎತ್ತಿಕೊಂಡವಳು ಪರದೆ ಓದಿ ಹಾಗೇ ನಿಂತಳು. "ದೊಡ್ಡಪ್ಪಾ... ಮೇಷ್ಟ್ರು ಅಂತ ಬರ್ತೈತೆ" ಎಂದಳು. ದೀಪ ಹಿಡಿದಿದ್ದ ಮನೆಯಾಕೆ ಅಲ್ಲೇ ಕೂತುಬಿಟ್ಟಳು. ನನಗೂ ಎದೆ ಹಾರಿತು. ಎರಡು ಸಲ ಬಡಿದು ನಿಂತ ಮೇಲೆ ಮೂರನೇ ಸಲ ಎತ್ತಿದೆ.

"ಎವರನ್ನಾ ಮೀರು? ನಾಕು ಪದ್ಯಾಲು ಪಂಪಿಸ್ತಾಂಡಾರು?" ಯಾರಣ್ಣಾ ನೀವು, ನನಗೆ ಪದ್ಯ ಕಳಿಸ್ತಾ ಇದ್ದೀರಿ ಎಂದು ಕೇಳಿದ. ಗುಂತಕಲ್ ಕಡೆಯ ಹುಡುಗ, ಲಾರಿ ಓಡಿಸುವವನು. ಹೊಸ ಸಿಮ್ಮು ಕೊಂಡು ಎರಡು ತಿಂಗಳಾಗಿತ್ತಂತೆ. ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ದಿನಕ್ಕೆ ಇಬ್ಬರು ಮೂವರು ಫೋನು ಮಾಡಿ "ಮೇಷ್ಟ್ರೇ" ಎಂದು ಕರೆಯುತ್ತಾರೆ, ಇದ್ಯಾರು ಈ ಮೇಷ್ಟ್ರು ಎಂದು ಯೋಚನೆಯಾಗಿತ್ತು ಎಂದ. ನನ್ನ ದೀಪಾವಳಿ ಪದ್ಯ ಕನ್ನಡದಲ್ಲಿತ್ತು. ಅಕ್ಷರ ತೆಲುಗಿನ ಹಾಗೇ ಇದೆಯಲ್ಲಾ ಎಂದು ಕೂಡಿಸಿ ಕೂಡಿಸಿ ಓದಿದನಂತೆ. 'ದೀಪ' ಮತ್ತು 'ಅಮ್ಮ' ತಿಳಿಯಿತು, ಉಳಿದದ್ದು ತಿಳಿಯಲಿಲ್ಲ ಎಂದ.

ಆಗಲೇ ಅಳಿಸಬೇಕಿತ್ತು. ಇನ್ನೂ ಎರಡು ವರ್ಷ ಇಟ್ಟುಕೊಂಡೆ. ಇದು ತಪ್ಪೆಂದು ಅನ್ನಿಸಿದ್ದು ಮೋಟಾರು ಮೇಸ್ತ್ರಿಯ ಹಣದ ಪ್ರಸಂಗದಲ್ಲೇ. ರಾಯಚೂರಿನ ಅಕ್ಕನನ್ನು ನನ್ನ ಫೋನು 'ಮೋಟಾರ್ ಮೇಸ್ತ್ರಿ' ಅನ್ನುತ್ತಿತ್ತು. ಹಾಗೇ ಆ ಲಾರಿ ಹುಡುಗನನ್ನು 'ಮೇಷ್ಟ್ರು' ಅನ್ನುತ್ತಿದೆ. ಅವನ ಹೆಸರಿನ ಮೇಲೆ ಇನ್ನೊಬ್ಬರ ಹೆಸರು ಹೊರಿಸಿದ ಹಾಗಾಯಿತು. ಇತ್ತ ಮೇಷ್ಟ್ರಿಗೂ ಅದು ಮರ್ಯಾದೆಯಲ್ಲ. ಯಾರೋ ರಾತ್ರಿ ಕೈತಪ್ಪಿ ಒತ್ತಿದರೆ ಅವರ ಹೆಸರು ನಮ್ಮ ಮನೆಯಲ್ಲಿ ಮತ್ತೆ ಮತ್ತೆ ಬಡಿದುಕೊಳ್ಳಬೇಕೇ?

ಸತ್ತವರ ನಂಬರು ಏನು ಮಾಡಬೇಕು ಎಂದು ನಾಲ್ಕು ಜನರನ್ನು ಕೇಳಿದೆ. ಒಬ್ಬರು, ವರ್ಷದ ತಿಥಿ ಆದ ಮೇಲೆ ತೆಗೆದೆ ಅಂದರು. ಒಬ್ಬಾಕೆ, ಗಂಡನ ನಂಬರಿಗೆ ತಾನೇ ತಿಂಗಳು ತಿಂಗಳು ರೀಚಾರ್ಜ್ ಮಾಡಿಸಿ ಪೆಟ್ಟಿಗೆಯಲ್ಲಿಟ್ಟಿದ್ದೇನೆ ಅಂದರು. ಇದು ಸರಿ, ಇದು ತಪ್ಪು ಎಂದು ಹೇಳಲು ನಾನ್ಯಾರು? ಒಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ. ಮನೆಯಲ್ಲಿ ಸಾವಾದರೆ ಆ ಸಿಮ್ಮನ್ನು ತಕ್ಷಣ ಬಿಡಬೇಡಿ. ಬ್ಯಾಂಕು, ಪಿಂಚಣಿ, ವಿಮೆ ಎಲ್ಲದರ ಮೆಸೇಜು ಬರುವುದು ಅದಕ್ಕೇ. ಆ ಕೆಲಸ ಮುಗಿಯುವ ತನಕ ಅದನ್ನು ಉಳಿಸಿಕೊಳ್ಳಿ.

ಮಾಡಬೇಕಾದದ್ದು ಇಷ್ಟು

ಈಗ ವರ್ಷಕ್ಕೊಮ್ಮೆ, ಯುಗಾದಿಯ ಸುಣ್ಣದ ಜೊತೆಗೇ ಫೋನನ್ನೂ ಗುಡಿಸುತ್ತೇನೆ. ಹುಡುಗಿ ಕಲಿಸಿದ ಕ್ರಮ ಹೀಗಿದೆ.

ಮೊದಲು ಹೆಸರುಗಳು ಯಾವ ಖಾತೆಯಲ್ಲಿವೆ ನೋಡಿ. ಸಿಮ್ಮಿನಲ್ಲಿ ಇದ್ದರೆ ನಿಮ್ಮದೇ ಖಾತೆಗೆ ಸಾಗಿಸಿ. ಸಿಮ್ಮಿನಲ್ಲಿ ಜಾಗ ಕಡಿಮೆ, ಕನ್ನಡದಲ್ಲಿ ಉದ್ದದ ಹೆಸರು ಬರೆದರೆ ಕತ್ತರಿಸಿಹೋಗುತ್ತದೆ.

ಅಳಿಸುವ ಮುಂಚೆ ಒಂದು ನಕಲು ತೆಗೆದಿಡಿ. ಎಲ್ಲಾ ಹೆಸರನ್ನೂ ಒಂದೇ ಫೈಲು ಮಾಡಿಕೊಡುವ ಸೌಕರ್ಯ ಕಾಂಟ್ಯಾಕ್ಟ್ಸ್ ಆಪ್‌ನಲ್ಲೇ ಇದೆ.

ಎರಡು ಮೂರು ಸಲ ಇರುವವರನ್ನು ಅಳಿಸಬೇಡಿ, ಕೂಡಿಸಿ. ಒಂದೇ ನಂಬರು ಎರಡು ಕಡೆ ಇದ್ದರೆ ಆಪ್ ತಾನೇ ತೋರಿಸಿ, ಕೂಡಿಸಲೇ ಎಂದು ಕೇಳುತ್ತದೆ. ಬೇರೆ ಬೇರೆ ಲಿಪಿಯಲ್ಲಿದ್ದು ನಂಬರೂ ಬೇರೆ ಇದ್ದರೆ ಅದಕ್ಕೆ ತಿಳಿಯುವುದಿಲ್ಲ, ಅದನ್ನು ನಾವೇ ಕೈಯಾರೆ ಕೂಡಿಸಬೇಕು. ನಂಬರುಗಳನ್ನು ಪ್ಲಸ್ 91 ಹಾಕಿ ಇಟ್ಟರೆ ಎಲ್ಲಿಂದ ಮಾಡಿದರೂ ಹೋಗುತ್ತದೆ.

ಅಳಿಸುವುದು ಬೇರೆ, ತಡೆಯುವುದು ಬೇರೆ. ಹೆಸರು ಅಳಿಸಿದರೆ ಅವರ ಕರೆ ನಿಲ್ಲುವುದಿಲ್ಲ, ಬರೀ ನಂಬರಾಗಿ ಬರುತ್ತದೆ. ವಾಟ್ಸಾಪಿನ ಹಳೇ ಮಾತುಕತೆಯೂ ಹೋಗುವುದಿಲ್ಲ. ಅವರ ಫೋನಿನಲ್ಲಿ ನಮ್ಮ ನಂಬರೂ ಇದ್ದೇ ಇರುತ್ತದೆ. ಕಾಟ ಕೊಡುವವರಿದ್ದರೆ ಬ್ಲಾಕ್ ಮಾಡಬೇಕು.

ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ಮುಗಳಿವೆ ಎಂಬುದನ್ನು ಕೇಂದ್ರ ಸರ್ಕಾರದ ಸಂಚಾರ್ ಸಾಥಿಯಲ್ಲಿ ನೋಡಬಹುದು. ನಿಮ್ಮದಲ್ಲದ್ದು, ಬೇಡದ್ದು ಇದ್ದರೆ ಅಲ್ಲೇ ತಿಳಿಸಬಹುದು. ಸಿಮ್ಮು ಬಿಡುವ ಮುಂಚೆ ಬ್ಯಾಂಕಿನಲ್ಲಿ, ಆಧಾರಿನಲ್ಲಿ ನಂಬರು ಬದಲಾಯಿಸಿ, ಆ ನಂಬರಿನ ವಾಟ್ಸಾಪ್ ಖಾತೆಯನ್ನೂ ತೆಗೆದುಹಾಕಿ.

ಹಣ ಕಳಿಸುವಾಗ ನಮ್ಮ ಫೋನಿನ ಹೆಸರನ್ನಲ್ಲ, ಆಪ್ ತೋರಿಸುವ ಖಾತೆದಾರರ ಹೆಸರನ್ನು ಓದಿ. ತಪ್ಪಿ ಹೋದರೆ ವ್ಯವಹಾರದ 12 ಅಂಕಿಯ ಸಂಖ್ಯೆ ಬರೆದುಕೊಂಡು ಆಪ್‌ನಲ್ಲಿ, ಬ್ಯಾಂಕಿನಲ್ಲಿ ದೂರು ಕೊಡಿ. ಯಾರಾದರೂ ಮೋಸದಿಂದ ಕಸಿದಿದ್ದರೆ ಕೂಡಲೇ 1930ಕ್ಕೆ ಫೋನು ಮಾಡಿ.

ಗಡಿಯವರಿಗೆ ಇನ್ನೊಂದು. 108 ಒತ್ತಿದರೆ ಕರೆ ಯಾವ ರಾಜ್ಯಕ್ಕೆ ಹೋಗುತ್ತದೆ ಎಂಬುದು ಫೋನು ಹಿಡಿದ ಟವರಿನ ಮೇಲೆ ನಿಂತಿದೆ. ಅಮರಾಪುರದವನ ಹೆರಿಗೆಯ ಕರೆಗೆ ಆ ಕಡೆಯವರು "ಯಾವ ತಾಲ್ಲೂಕು" ಎಂದು ಕೇಳುವಷ್ಟರಲ್ಲಿ ಹೊತ್ತು ಹೋಗುತ್ತದೆ. ಊರಿನ ಆಶಾ ಕಾರ್ಯಕರ್ತೆ, ಹತ್ತಿರದ ಆಸ್ಪತ್ರೆ, ರಾತ್ರಿ ಕರೆದರೆ ಬರುವ ಒಬ್ಬ ಆಟೋದವನು, ಈ ಮೂರು ನಂಬರು ಮಾತ್ರ ಎಂದೂ ಅಳಿಸಬಾರದು. ಮುಂದೆ 'ಅ' ಎಂದು ಸೇರಿಸಿ ಪಟ್ಟಿಯ ಮೊದಲಿಗೇ ಬರುವಂತೆ ಇಟ್ಟಿದ್ದೇನೆ. ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆಯೂ ಅಂಟಿಸಿದ್ದೇನೆ, ಸುಣ್ಣ ತಾಗದ ಜಾಗದಲ್ಲಿ.

ಹೀಗೆ ಗುಡಿಸಿ 1,143 ಇದ್ದದ್ದು ಈಗ 386ಕ್ಕೆ ನಿಂತಿದೆ. ಮೇಷ್ಟ್ರದು ಕೊನೆಗೆ ಉಳಿದಿತ್ತು. ಹುಡುಗಿ ಪಕ್ಕದಲ್ಲಿ ಕೂತು, "ದೊಡ್ಡಪ್ಪಾ, ನಂಬರು ತೆಗೆದು ಹೆಸರು ಮಾತ್ರ ಇಡಬಹುದು ಗೊತ್ತಾ? ನಂಬರಿಲ್ಲದೇನೂ ಸೇವ್ ಆಗುತ್ತೆ" ಎಂದಳು. ಹಾಗೇ ಮಾಡಿದೆ. ಹತ್ತಂಕಿ ಒಂದೊಂದಾಗಿ ಹೋದವು. 'ಮೇಷ್ಟ್ರು' ಎಂಬ ಹೆಸರು ಪಟ್ಟಿಯಲ್ಲಿದೆ. ಒತ್ತಿದರೆ ಯಾರಿಗೂ ಹೋಗುವುದಿಲ್ಲ, ಯಾರಿಂದಲೂ ಬರುವುದಿಲ್ಲ. ಗುಂತಕಲ್ಲಿನ ಹುಡುಗನ ನಂಬರನ್ನು ಅವನ ಹೆಸರಿಗೇ ಬರೆದಿಟ್ಟೆ. ಈ ಯುಗಾದಿಗೆ ಅವನಿಗೊಂದು ಪದ್ಯ ಕಳಿಸಿದೆ, ತೆಲುಗಿನಲ್ಲಿ. ಎರಡು ಗೀಟು ಬಿತ್ತು. ಸಂಜೆ ಉತ್ತರ ಬಂತು. ಎರಡನೇ ಸಾಲು ಚೆನ್ನಾಗಿದೆಯಂತೆ.